ಆರಾಮ ಎಂಬ ಉತ್ತರ

ಫೆಬ್ರುವರಿ 10, ಸೋಮವಾರ

ಇವತ್ತಿನಿಂದ ನನ್ನ ಕೊನೆಯ ಸೆಮಿಸ್ಟರು. ಮೇ ಮೂವತ್ತೊಂದಕ್ಕೆ ನಿವೃತ್ತಿ. ಬಾಗಲಕೋಟೆಯ ಈ ಕಾಲೇಜಿನಲ್ಲಿ ಸಮಾಜಕಾರ್ಯದ ಎಂ.ಎ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನ ಕಲಿಸುತ್ತ ಕೂದಲು ಬೆಳ್ಳಗಾಯಿತು. ಹುಡುಗರು ನನ್ನ ವಿಷಯವನ್ನು ಕಬ್ಬಿಣದ ಕಡಲೆ ಅನ್ನುತ್ತಾರಂತೆ. ಅನ್ನಲಿ. ಹಲ್ಲು ಗಟ್ಟಿ ಮಾಡಿಕೊಳ್ಳುವುದು ಅವರ ಕೆಲಸ, ಕಡಲೆ ಮೆತ್ತಗೆ ಮಾಡುವುದು ನನ್ನ ಕೆಲಸವಲ್ಲ.

ಆದರೆ ಪ್ರಾಚಾರ್ಯರಿಗೆ ಹಾಗನ್ನಿಸಿಲ್ಲ. ಈ ಸಲ ಪಾಠಕ್ರಮವನ್ನೇ ಬದಲಿಸಿದ್ದಾರೆ. ಹೊಸದನ್ನು ಬರೆದವಳು ವಿದ್ಯಾ. ಒಂದು ಕಾಲಕ್ಕೆ ನನ್ನ ಕೈಯಲ್ಲೇ ಕಲಿತವಳು, ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವವಳು. ಮೊದಲ ಕೆಲವು ವಾರ ಸೂತ್ರವೇ ಇಲ್ಲವಂತೆ. ನೋಟ್ಸ್ ಬರೆಸುವಂತಿಲ್ಲ. ಮಕ್ಕಳು ಹೊರಗೆ ಹೋಗಿ ಏನನ್ನಾದರೂ ಎಣಿಸಿಕೊಂಡು, ಯಾರನ್ನಾದರೂ ಕೇಳಿಕೊಂಡು ಬರಬೇಕು, ಅದರ ಮೇಲೆ ಪಾಠ. ಹೊಸ ಅಗಸ ಎತ್ತಿ ಎತ್ತಿ ಒಗೆದನಂತೆ. ನಾವಿಬ್ಬರೂ ಕೂಡಿ ಕಲಿಸಬೇಕು. ವಿಷಯ ಎಷ್ಟು ಕಷ್ಟ ಅನ್ನಿಸುತ್ತದೆ ಎಂದು ಮಕ್ಕಳನ್ನು ಈಗೊಮ್ಮೆ, ಕೊನೆಗೊಮ್ಮೆ ಕೇಳುವುದು. ಕಷ್ಟ ಕಡಿಮೆಯಾಗಿದ್ದರೆ ಹೊಸ ಕ್ರಮ ಉಳಿಯುತ್ತದೆ, ಇಲ್ಲವಾದರೆ ಹಳೆಯದೇ ಗತಿ.

ಸಂಜೆ ಚಹಾ ಆದಮೇಲೆ ಎಂದಿನಂತೆ ಇಳಕಲ್ಲಿಗೆ ಫೋನ್ ಮಾಡಿದೆ. ಮಗಳು ಶೀಲಾ ಎಂದಿನಂತೆ ಕೊನೆಯ ರಿಂಗಿಗೆ ಎತ್ತಿದಳು. ಆರಾಮ ಅದಿಯಲ್ಲ ಅಂದೆ. ಆರಾಮ ಅದೀನಿ ಅಪ್ಪಾ ಅಂದಳು. ಮನಸ್ಸಿಗೆ ಸಮಾಧಾನ.

ಫೆಬ್ರುವರಿ 13, ಗುರುವಾರ

ಮೊದಲ ಪ್ರಶ್ನಾವಳಿಯನ್ನು ನಾನೇ ತಯಾರಿಸಿದೆ, ನಾನೇ ಹಂಚಿದೆ, ಮೇಜಿನ ಬಳಿ ನಿಂತು ನಾನೇ ತಿರುಗಿ ತೆಗೆದುಕೊಂಡೆ. "ಈ ವಿಷಯ ನಿಮಗೆ ಸರಳವೆನಿಸುತ್ತದೆಯಲ್ಲವೇ?" ಇಡೀ ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳನ್ನು ಬಿಟ್ಟರೆ ಎಲ್ಲರೂ ಸರಳ ಎಂದೇ ಗುರುತು ಹಾಕಿದ್ದರು. ಇಷ್ಟು ಸರಳವಿದ್ದ ಮೇಲೆ ಬದಲಾವಣೆ ಯಾಕೆ ಬೇಕಿತ್ತು ಎಂದು ವಿದ್ಯಾಳ ಮುಂದೆ ಹಾಳೆಗಳನ್ನು ಇಟ್ಟೆ.

ಅವಳು ಪ್ರಶ್ನೆಯನ್ನು ಓದಿದಳು. "ಸರ್, ಪರೀಕ್ಷಾದಾಗ ನಾ ಇಂಥಾ ಪ್ರಶ್ನಿ ಬರದಿದ್ರ ನೀವು ನನಗ ಸೊನ್ನಿ ಕೊಡತಿದ್ರಿ" ಅಂದಳು.

ಪ್ರಶ್ನೆಯೊಳಗೇ ಉತ್ತರ ಇಟ್ಟು ಕೇಳಬಾರದು ಎಂದು ಅವಳಿಗೆ ಕಲಿಸಿದವನು ನಾನೇ. ಆದರೆ ಇದು ಪರೀಕ್ಷೆಯಲ್ಲವಲ್ಲ. ಮೊಮ್ಮಗ ಅಜ್ಜನಿಗೆ ಕೆಮ್ಮು ಕಲಿಸಿದ ಹಾಗಾಯಿತು. ಹಾಳೆಗಳನ್ನು ಕಪಾಟಿನಲ್ಲಿಟ್ಟೆ.

ಫೆಬ್ರುವರಿ 27, ಗುರುವಾರ

ಇವತ್ತು ಮಕ್ಕಳು ತಮ್ಮ ತಮ್ಮ ಮನೆಯ ಹಿರಿಯರ ಹುಟ್ಟಿದ ದಿನಾಂಕ ತಂದಿದ್ದರು. ವಿದ್ಯಾ ಹಲಗೆಯ ಮೇಲೆ ತಾರೀಖುಗಳನ್ನು ಬರೆದು ಒಂದೊಂದಕ್ಕೂ ಒಂದೊಂದು ಗೆರೆ ಎಳೆಯುತ್ತ ಹೋದಳು. ಜೂನ್ ಒಂದರ ಮೇಲೆ ಗೆರೆಗಳು ಏರಿ ಏರಿ ಹಲಗೆಯ ಅಂಚು ಮುಟ್ಟಿದವು. ಮಕ್ಕಳು ಬಿದ್ದು ಬಿದ್ದು ನಕ್ಕರು. ಊರಲ್ಲಿ ಎಲ್ಲರಿಗೂ ಗೊತ್ತಿರುವ ಮಾತೇ ಅದು. ಶಾಲೆಗೆ ಸೇರಿಸುವಾಗ ಅವ್ವ ಅಪ್ಪನಿಗೆ ದಿನಾಂಕ ನೆನಪಿರುತ್ತಿರಲಿಲ್ಲ, ಹೆಡ್‌ಮಾಸ್ತರು ಶಾಲೆ ಶುರುವಾಗುವ ಲೆಕ್ಕಕ್ಕೆ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು.

ಬಾದಾಮಿಯಿಂದ ಬರುವ ಪ್ರಬುದ್ಧ ಎಂಬ ಹುಡುಗ ಎದ್ದು ನಿಂತು ನಿಮ್ಮದು ಯಾವಾಗ್ರಿ ಸರ್ ಎಂದು ಕೇಳಿದ. ನನ್ನದೂ ಜೂನ್ ಒಂದೇ. ಖರೆ ದಿನ ಯಾವುದೆಂದು ನನಗೆ ಗೊತ್ತಿಲ್ಲ. ದಸರೆಯ ಬೆನ್ನಿಗೆ ಬರುವ ಸೀಗಿ ಹುಣ್ಣಿಮೆ ಮುಂದಿತ್ತು ಎಂದು ಅವ್ವ ಅನ್ನುತ್ತಿದ್ದಳು, ಅಂದರೆ ಜೂನ್ ಎಲ್ಲಿ, ಸೀಗಿ ಹುಣ್ಣಿಮೆ ಎಲ್ಲಿ. ಒಬ್ಬ ಹೆಡ್‌ಮಾಸ್ತರು ಬರೆದ ತಾರೀಖಿಗೆ ನಾನು ಮನೆಗೆ ಹೋಗುತ್ತಿದ್ದೇನೆ ಎನ್ನುವುದು ಇಷ್ಟು ವರ್ಷ ಹೊಳೆದಿರಲಿಲ್ಲ.

ಒಂದು ಅಂಕಿ ಕೈಗೆ ಬಂದರೆ ಅದನ್ನು ಯಾರು ಹೇಳಿದರು, ಯಾರ ಮುಂದೆ ಹೇಳಿದರು ಎಂದು ಮೊದಲು ಕೇಳಿಕೊಳ್ಳಿ ಎಂದು ವಿದ್ಯಾ ಮಕ್ಕಳಿಗೆ ಹೇಳಿದಳು. ಮಾತು ಚೆನ್ನಾಗಿತ್ತು. ಬರೆದಿಟ್ಟುಕೊಂಡೆ.

ಫೋನಿನಲ್ಲಿ ಶೀಲಾಳಿಗೆ ಜೂನ್ ಒಂದರ ಕಥೆ ಹೇಳಿದೆ. ಹೂಂ ಅಂದಳು. ಮೊದಲಾಗಿದ್ದರೆ ನಗುತ್ತಿದ್ದಳು. ಕೆಲಸದಲ್ಲಿದ್ದಳೋ ಏನೋ. ಆರಾಮ ಅದಿಯಲ್ಲ ಅಂದೆ, ಆರಾಮ ಅಂದಳು.

ಮಾರ್ಚ್ 5, ಬುಧವಾರ

ಹೆಂಡತಿಯೊಂದಿಗೆ ಸಣ್ಣ ಜಗಳ. ಶಿವಬಸವ್ವನಿಗೆ ಇತ್ತೀಚೆಗೆ ಒಂದೇ ಹಾಡು. "ಅಕಿ ದನಿ ಕೇಳ್ರಿ. ಆರಾಮ ಇದ್ದವ್ರ ದನಿ ಏನ್ ಅದು?" ಶೀಲಾ ತಾನೇ ಬಾಯಿಬಿಟ್ಟು ಹೇಳಿದ ಮೇಲೆ ಇನ್ಯಾರನ್ನು ಕೇಳಲಿ ಅಂದೆ. ದನಿ ಹೀಗಿದೆ, ಹಾಗಿದೆ ಅನ್ನುವುದು ಪುರಾವೆಯಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಶೀಲಾಳ ಕುಬಸ ಮಾಡಿದ್ದೆವು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಚೊಚ್ಚಲ ಬಸುರಿಯನ್ನು ಬಾಣಂತನಕ್ಕೆ ಇಲ್ಲಿಗೆ ಕರೆತರುವ ಹೊತ್ತಿಗೆ ಏಳನೆಯ ತಿಂಗಳಲ್ಲೇ ಕೂಸು ಹೊಟ್ಟೆಯಲ್ಲಿ ತೀರಿಕೊಂಡಿತು. ದವಾಖಾನೆಯಲ್ಲಿ ಕೂಸನ್ನು ತೆಗೆದ ಮೇಲೆ ಅವಳಿಗೆ ಇನ್ನೂ ಎಚ್ಚರವಿರಲಿಲ್ಲ. ಅಳಿಯ ವಿಜಯಮಹಾಂತೇಶನೂ ನಾನೂ ಹೋಗಿ ಮಣ್ಣು ಮಾಡಿ ಬಂದೆವು. ಆಮೇಲೆ ಆ ಮಾತನ್ನು ಯಾರೂ ಎತ್ತಿಲ್ಲ. ಎತ್ತಿದರೆ ಗಾಯ ಕೆದರಿದ ಹಾಗೆ ಎಂದು ದವಾಖಾನೆಯಲ್ಲಿಯೇ ಹಿರಿಯರೆಲ್ಲ ತೀರ್ಮಾನಿಸಿದರು. ಅವಳೂ ಒಂದು ದಿನ ಕೇಳಿಲ್ಲ. ಮರೆತಿದ್ದಾಳೆ ಎಂದೇ ನನ್ನ ಭಾವನೆ. ಮರೆಯಲಿ ಎಂಬುದೇ ನನ್ನ ಆಸೆ ಕೂಡ.

ಮಾರ್ಚ್ 12, ಬುಧವಾರ

ಇವತ್ತು ನಗು ಬರುವಂಥದ್ದೊಂದು ನಡೆಯಿತು. ವಿದ್ಯಾ ಮಕ್ಕಳನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದಳು, ನಾನೂ ಹೋದೆ. ಕಂಡಕಂಡವರನ್ನು ಒಂದೇ ಮಾತು ಕೇಳಬೇಕು, ಆರಾಮ ಅದೀರಿ? ಎಲ್ಲರೂ ಆರಾಮ ಅಂದರು. ಬುಟ್ಟಿ ತುಂಬ ಬಾಡಿದ ಮೆಂತ್ಯ ಇಟ್ಟುಕೊಂಡು ಕೂತ ಮಾಬುಬಿ ಎಂಬ ಮುದುಕಿ ಆರಾಮ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹುನಗುಂದದ ಬಸ್ಸಿಗೆ ಕಾಯುತ್ತಿದ್ದವನೂ ಆರಾಮ. ಪ್ರಬುದ್ಧ ಅವನ ಕಾಲನ್ನೂ ಮುಖವನ್ನೂ ನೋಡಿ ಏನು ಬರೆದುಕೊಳ್ಳಬೇಕೆಂದು ತಿಳಿಯದೆ ನಿಂತಿದ್ದ.

ಆಮೇಲೆ ವಿದ್ಯಾ ಪ್ರಶ್ನೆ ಬದಲಿಸಿದಳು. ಅದೇ ಜನರನ್ನು, "ಇವತ್ತ ನಿಮಗ ಯಾವುದು ಭಾಳ ಕಷ್ಟ ಆತ್ರಿ?" ಎಂದು ಕೇಳಿ ಬಾಯಿ ಮುಚ್ಚಿಕೊಂಡು ನಿಲ್ಲಬೇಕು, ಎದುರಿನವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ ಎಂದಳು. ಮಾಬುಬಿ ಮೊದಲು ನಕ್ಕಳು. ಸ್ವಲ್ಪ ತಡೆದು ಸೊಸೆ ಆಸ್ಪತ್ರೆಯಲ್ಲಿರುವುದನ್ನು, ಮುಂಜಾನೆ ಒಬ್ಬಳೇ ಬುಟ್ಟಿಯನ್ನು ತಲೆಗೇರಿಸಿಕೊಳ್ಳಲು ಆಗದೆ ರಸ್ತೆಯಲ್ಲಿ ಯಾರಾದರೂ ಬರಲಿ ಎಂದು ಕಾದು ನಿಂತದ್ದನ್ನು ಹೇಳತೊಡಗಿದಳು. ಕೇಳುತ್ತಿದ್ದವಳು ಖುಶನುಮಾ, ಹುನಗುಂದದಿಂದ ದಿನಾ ಬಸ್ಸಿಗೆ ಬರುವ ಮೆಲುದನಿಯ ಹುಡುಗಿ. ಅವಳ ಬಸ್ಸು ಬಂದು ನಿಂತು ಹೊರಟೂ ಹೋಯಿತು. ಅವಳು ಏಳಲಿಲ್ಲ.

ಪ್ರಶ್ನೆ ಕೇಳುವ ರೀತಿಗೆ ಉತ್ತರ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ವಿದ್ಯಾಳಿಗೆ ಶಹಬ್ಬಾಸ್ ಅನ್ನಬೇಕೆಂದುಕೊಂಡೆ, ಅನ್ನಲಿಲ್ಲ.

ಮನೆಗೆ ಬರುವುದು ತಡವಾಯಿತು. ಬಂದವನೇ ಶೀಲಾಳಿಗೆ ಫೋನ್ ಹಚ್ಚಿದೆ. ಆರಾಮ ಅದಿಯಲ್ಲ? ಆರಾಮ ಅದೀನಿ ಅಪ್ಪಾ. ಊಟ ಮಾಡಿ ಮಲಗಿದೆ.

ಮಾರ್ಚ್ 30, ಭಾನುವಾರ

ಯುಗಾದಿ. ಶೀಲಾ ಬರಲಿಲ್ಲ. ಕೆಲಸ ಬಹಳ ಇದೆಯಂತೆ. ಶಿವಬಸವ್ವ ಮಾಡಿದ ಹೋಳಿಗೆ ಉಳಿಯಿತು.

ಏಪ್ರಿಲ್ 13, ಭಾನುವಾರ

ಇಳಕಲ್ಲಿಗೆ ಹೋಗಿ ಬಂದೆವು. ಶೀಲಾಳ ನೆಗೆಣ್ಣಿ, ಮೈದುನನ ಹೆಂಡತಿ ಸುನಂದಾಳಿಗೆ ಕುಬಸ. ಅಳಿಯನ ಮನೆಯವರು ಸೀರೆ ವ್ಯಾಪಾರಸ್ಥರು, ಅಂಗಡಿಯಲ್ಲಿಯೇ ಇದ್ದ ಒಳ್ಳೆಯ ಹಸಿರು ಸೀರೆ ತೆಗೆದಿದ್ದರು. ಮನೆ ತುಂಬ ಹೆಂಗಸರು, ಹಾಡು, ಬಳೆ ಸದ್ದು.

ಶೀಲಾ ಮುಂಜಾನೆಯಿಂದ ಅಡುಗೆಮನೆಯಲ್ಲಿದ್ದಳು. ಕರೆದಾಗ ತಾಟು ತಂದಿಟ್ಟು ಒಳಗೆ ಹೋಗುತ್ತಿದ್ದಳು. ನಗುತ್ತಲೇ ಇದ್ದಳು, ನಾನೇ ಕಣ್ಣಾರೆ ನೋಡಿದ್ದೇನೆ. ಉಡಿ ತುಂಬುವಾಗ ಒಬ್ಬೊಬ್ಬ ಮುತ್ತೈದೆಯನ್ನೂ ಹೆಸರು ಹಿಡಿದು ಕರೆದರು. ಅವಳ ಹೆಸರು ಬರಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಕರೆಯಲಿಲ್ಲ ಅಷ್ಟೇ. ಗದ್ದಲದಲ್ಲಿ ಮರೆತಿರಬೇಕು.

ತಿರುಗಿ ಬರುವಾಗ ಬಸ್ಸಿನಲ್ಲಿ ಶಿವಬಸವ್ವ ಅಮೀನಗಡದ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಕ್ಕೋತ ಇದ್ದಳಲ್ಲ ಎಂದು ಎರಡು ಸಲ ಅಂದೆ. ನಾನು ಎರಡು ಸಲ ಯಾಕೆ ಅಂದೆನೋ ಗೊತ್ತಿಲ್ಲ.

ಏಪ್ರಿಲ್ 24, ಗುರುವಾರ

ತರಗತಿಯಲ್ಲಿ ಸರಾಸರಿಯಿಂದ ಅಂಕಿಗಳು ಎಷ್ಟು ದೂರ ಚದುರಿವೆ ಎಂದು ಅಳೆಯುವ ಲೆಕ್ಕ. ನಾನು ಹಳೆಯ ಕಾಲದಲ್ಲಿ ಸೂತ್ರ ಬರೆಸಿ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದ ಪಾಠ. ಈಗ ಮೂರು ದಿನವಾದರೂ ಮುಗಿದಿಲ್ಲ. ಖುಶನುಮಾ ಇದು ನನಗ ತಿಳಿವಲ್ದು ಸರ್ ಎಂದು ನಾಲ್ಕು ಮಂದಿಯ ಮುಂದೆ ಹೇಳಿದಳು. ನನ್ನ ತರಗತಿಯಲ್ಲಿ ಈ ಮಾತನ್ನು ಯಾರಾದರೂ ಹೇಳಿದ್ದು ನೆನಪಿಲ್ಲ. ಎಲ್ಲಿ ತಿಳಿಯುತ್ತಿಲ್ಲ ಎಂದು ಕೇಳಿದೆ. ಅವಳು ತೋರಿಸಿದ ಜಾಗ ನೋಡಿದರೆ ಅಲ್ಲಿ ನಾನೇ ಒಂದು ಹೆಜ್ಜೆಯನ್ನು ಹಾರಿಸಿ ಹೇಳುತ್ತ ಬಂದಿದ್ದೇನೆ. ಅದನ್ನು ತುಂಬಿ ಹೇಳಿದೆ. ಪಕ್ಕದ ಬೆಂಚಿನವರೂ ಬರೆದುಕೊಂಡರು.

ಇವತ್ತು ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮೇ 14, ಬುಧವಾರ

ಎರಡನೆಯ ಸಲ ಮಕ್ಕಳನ್ನು ಕೇಳಿದ್ದಾಯಿತು. ಪ್ರಶ್ನೆ ವಿದ್ಯಾಳದು. ಹೆಸರು ಬರೆಯುವಂತಿಲ್ಲ, ನಾವಿಬ್ಬರೂ ಹೊರಗೆ. ಬಂದ ಉತ್ತರ ನೋಡಿ ನಾನೇ ದಂಗಾದೆ. ಮುಕ್ಕಾಲು ಪಾಲು ಮಕ್ಕಳು ಕಷ್ಟ ಎಂದಿದ್ದಾರೆ. ಕೆಲವರು ಬಹಳ ಕಷ್ಟ ಎಂದಿದ್ದಾರೆ. ಯಾವುದು ಕಷ್ಟ ಎಂದು ಕೆಳಗೆ ಸಾಲು ಸಾಲು ಬರೆದಿದ್ದಾರೆ.

ಫೆಬ್ರುವರಿಯಲ್ಲಿ ಸರಳವಿದ್ದದ್ದು ಮೇ ತಿಂಗಳಲ್ಲಿ ಕಷ್ಟವಾಗಿದೆ. ಅಂದರೆ ಹೊಸ ಕ್ರಮ ಸೋತಿತು, ನನ್ನದು ಗೆದ್ದಿತು. ಒಳಗೊಳಗೇ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಹಿಗ್ಗು ಸಂಜೆಯವರೆಗೂ ಉಳಿಯಲಿಲ್ಲ. ಕಿರುಪರೀಕ್ಷೆಯಲ್ಲಿ ಇದೇ ಮಕ್ಕಳು ಹಿಂದಿನ ಯಾವ ತಂಡಕ್ಕಿಂತಲೂ ಚೆನ್ನಾಗಿ ಬರೆದಿದ್ದಾರೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ?

ಮೇ 16, ಶುಕ್ರವಾರ

ಪ್ರಾಚಾರ್ಯರು ಅಂಕಿ ನೋಡಿ, ಕಷ್ಟ ಹೆಚ್ಚಾಗಿದೆಯಲ್ಲ, ಮುಂದಿನ ವರ್ಷದಿಂದ ಹಳೆಯ ಕ್ರಮವೇ ಇರಲಿ, ಸಂಗಯ್ಯ ಸರ್ ಹೋಗುವ ಮುಂಚೆ ಒಂದು ವರದಿ ಬರೆದುಕೊಡಲಿ ಎಂದು ನನ್ನತ್ತ ನೋಡಿದರು. ವಿದ್ಯಾಳ ಮುಖ ಸಣ್ಣದಾಗಿತ್ತು.

ವರದಿ ಬರೆಯುವ ಮುಂಚೆ ಮಕ್ಕಳನ್ನೇ ಕೇಳೋಣ ಎಂದು ತರಗತಿಗೆ ಹೋದೆ. ಫೆಬ್ರುವರಿಯಲ್ಲಿ ಸರಳ ಅಂದವರು ಈಗ ಕಷ್ಟ ಅಂತೀರಲ್ಲ, ಈ ಮೂರು ತಿಂಗಳಲ್ಲಿ ನಾವು ಏನು ಕೆಡಿಸಿದೆವು ಎಂದು ಕೇಳಿದೆ. ಎಲ್ಲರೂ ತಲೆ ತಗ್ಗಿಸಿದರು. ನಾನೂ ಸುಮ್ಮನೆ ನಿಂತೆ. ಬಹಳ ಹೊತ್ತಿನ ಮೇಲೆ ಖುಶನುಮಾ ಎದ್ದಳು.

"ಕೆಡಿಸಿಲ್ರಿ ಸರ್. ಆವಾಗೂ ಕಷ್ಟನ ಇತ್ತು. ಖರೆ ಅಂದ್ರ ಈಗಿನಕಿಂತ ಭಾಳ ಇತ್ತು. ಆದ್ರ ನೀವು ಸರಳ ಐತೆಲ್ಲ ಅಂತ ಕೇಳಿದ್ರಿ, ಮುಂದ ನಿಂತಿದ್ರಿ. ಹೂಂ ಅನ್ನದ ಮತ್ತೇನ್ ಅನ್ನೂದ್ರಿ? ಈಗ ಕಷ್ಟ ಅಂದ್ರ ಎಲ್ಲಿ ಅಂತ ಕೇಳ್ತೀರಿ. ಅದಕ್ಕ ಅಂದೇವಿ."

ಕೂತುಕೊ ತಂಗಿ ಅಂದೆ. ಸ್ಟಾಫ್ ರೂಮಿಗೆ ಬಂದು ಕೂತೆ. ವರದಿಯ ಹಾಳೆ ಮುಂದಿತ್ತು, ಅದರ ಮೇಲೆ ಒಂದು ಅಕ್ಷರವೂ ಮೂಡಲಿಲ್ಲ. ಆ ಹುಡುಗಿಯ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಲೇ ಇತ್ತು. ಹೂಂ ಅನ್ನದೆ ಮತ್ತೇನು ಅನ್ನುವುದು.

ಸಂಜೆ ಶೀಲಾಳಿಗೆ ಫೋನ್ ಮಾಡಲಿಲ್ಲ. ಯಾಕೆಂದು ಶಿವಬಸವ್ವ ಕೇಳಿದಳು. ನಾಳೆ ಇಳಕಲ್ಲಿಗೆ ಹೋಗುತ್ತೇನೆ ಅಂದೆ. ಏನು ಕೆಲಸ ಅಂದಳು. ಮುಂಜಾನೆಯ ಬಸ್ಸಿನ ಹೊತ್ತು ನೋಡಿಟ್ಟುಕೊಂಡೆ.

ಮೇ 17, ಶನಿವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಮುಂಜಾನೆಯ ಬಸ್ಸಿಗೆ ಹೋದೆ. ಅಮೀನಗಡದಲ್ಲಿ ಇಳಿದು ಕರದಂಟು ತೆಗೆದುಕೊಂಡೆ. ಚಿಕ್ಕವಳಿದ್ದಾಗ ಶೀಲಾಳಿಗೆ ಅದೆಂದರೆ ಜೀವ. ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಸುನಂದಾ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಅಳಿಯ ಅಂಗಡಿಯಲ್ಲಿ. ನನ್ನನ್ನು ನೋಡಿ ಅವಳ ಮುಖ ಒಮ್ಮೆ ಬಿಳುಪೇರಿತು. ಅವ್ವ ಆರಾಮ ಅದಾಳಿಲ್ಲೊ ಎಂದು ಮೊದಲು ಕೇಳಿದಳು. ಚಹಾ ತಂದಳು. ಪಡಸಾಲೆಯಲ್ಲಿ ಎದುರುಬದುರು ಕೂತೆವು. ಇಷ್ಟು ಹತ್ತಿರದಿಂದ ಅವಳನ್ನು ನೋಡಿ ಎಷ್ಟು ದಿನವಾಗಿತ್ತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಆರಾಮ ಅದಿಯಲ್ಲ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಚಹಾದ ಜೊತೆ ನುಂಗಿದೆ.

"ಶೀಲಾ, ಈಗ ನಿನಗ ಯಾವುದು ಭಾಳ ಕಷ್ಟ ಆಗತೈತಿ?"

ಏನಿಲ್ಲಪಾ ಅಂದಳು. ನಾನು ಮಾತಾಡಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದಳು, ಹಾಗೇ ತಿರುಗಿ ಬಂದು ಕೂತಳು. ನಾನು ಆಗಲೂ ಮಾತಾಡಲಿಲ್ಲ. ಅಷ್ಟು ಸುಮ್ಮನಿರುವುದು ನನಗೆ ಬಹಳ ಕಷ್ಟವಾಯಿತು.

"ಸಂಜಿ ಮುಂದ ನಿನ್ನ ಫೋನ್ ಬರೂದು" ಅಂದಳು. "ಆರಾಮ ಅನ್ನಬೇಕಲ್ಲ. ರಿಂಗ್ ಆಗೂದ್ರಾಗ ಅಡಗಿ ಮನ್ಯಾಗ ನಿಂತು ಒಂದ್ಸಲ ಅಂದು ನೋಡತೇನಿ. ದನಿ ಸರಿ ಬಂದ್ರ ಎತ್ತತೇನಿ."

ನಾನು ದಿನಾ ಕೇಳಿ, ಸಮಾಧಾನಪಟ್ಟು, ಊಟ ಮಾಡಿ ಮಲಗುತ್ತಿದ್ದೆ. ಮಗಳೇ, ನಿನಗೆ ಎಂಥ ಅಪ್ಪ ಸಿಕ್ಕಿದ. ಇದನ್ನು ಅವಳಿಗೆ ಹೇಳಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆಮೇಲೆ ಅವಳು ಅಳಲಿಲ್ಲ, ಕೇಳಿದಳು. ಎಂಟು ತಿಂಗಳು ಒಳಗಿಟ್ಟುಕೊಂಡ ಪ್ರಶ್ನೆ ಅದು ಎಂದು ಅವಳು ಕೇಳಿದ ರೀತಿಯಲ್ಲೇ ಗೊತ್ತಾಯಿತು. "ಅಪ್ಪಾ, ಎಲ್ಲಿ ಇಟ್ಟ್ರಿ ಅದನ್ನ?"

"ತೋರಸ್ತೇನಿ ಬಾ."

ಹೊರಡುವಷ್ಟರಲ್ಲಿ ವಿಜಯಮಹಾಂತೇಶ ಊಟಕ್ಕೆ ಬಂದ. ಎಲ್ಲಿಗೆ ಎಂದು ಕೇಳಿದ. ಹೇಳಿದೆ. ಬೈಯುತ್ತಾನೇನೋ ಎಂದುಕೊಂಡಿದ್ದೆ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. "ನಾ ವಾರಕ್ಕೊಮ್ಮೆ ಹೋಗಿ ಕುಂತು ಬರತೇನ್ರಿ ಮಾವಾರ. ಇಕಿಗೆ ಹೇಳಿದ್ರ ಅಳತಾಳ ಅಂತ ಹೇಳಿಲ್ಲ." ಶೀಲಾ ಗಂಡನ ಮುಖವನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು.

ಹುನಗುಂದದ ದಾರಿಯಲ್ಲಿ ಅವರ ಹೊಲ. ಬದುವಿನ ಮೇಲೆ ಒಂದು ಬನ್ನಿಮರ, ಅದರ ಬುಡದಿಂದ ಸ್ವಲ್ಪ ಈಚೆಗೆ. ಅಳಿಯ ಅಲ್ಲಿ ನಾಲ್ಕು ಕಲ್ಲು ಇಟ್ಟಿದ್ದ, ಉಳುವವರಿಗೆ ಗುರುತಿರಲಿ ಎಂದು. ಶೀಲಾ ಚಪ್ಪಲಿ ಕಳಚಿ ಹೋಗಿ ಕೂತಳು. ಮಣ್ಣಿನ ಮೇಲೆ ಅಂಗೈ ಇಟ್ಟಳು.

"ಹೆಂಗಿತ್ತು?" ಅಂದಳು. ಅವಳು ಕೂಸಿನ ಮುಖ ನೋಡಿಲ್ಲ. ತೋರಿಸಬೇಡಿ ಎಂದು ಹೇಳಿದವರಲ್ಲಿ ನಾನೂ ಒಬ್ಬ.

"ಹೆಣ್ಣಕೂಸ. ಹಣಿ ನಿನ್ನಂಗ ಇತ್ತು."

ಆಗ ಅತ್ತಳು. ವಿಜಯಮಹಾಂತೇಶ ಅವಳ ಪಕ್ಕಕ್ಕೆ ಹೋಗಿ ಕೂತು ತಾನೂ ಅತ್ತ. ಅಳಬೇಡ ಎಂದು ನಾನು ಅನ್ನಲಿಲ್ಲ. ಬನ್ನಿಮರದ ನೆರಳಿನಲ್ಲಿ ನಿಂತು ನನ್ನ ಪಾಲಿನದನ್ನು ಅತ್ತೆ. ಹೊಲದಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದ ಮೇಲೆ ಶೀಲಾ ತಾನಾಗಿ ಕರದಂಟಿನ ಡಬ್ಬಿ ಬಿಚ್ಚಿ ಒಂದು ತುಂಡು ತಿಂದಳು. ನನಗೂ ಕೊಟ್ಟಳು.

ಮೇ 18, ಭಾನುವಾರ

ಶಿವಬಸವ್ವನಿಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಸಂಜೆ ಫೋನ್ ಮಾಡಿದೆ. ಎರಡನೆಯ ರಿಂಗಿಗೆ ಎತ್ತಿದಳು.

ಮೇ 22, ಗುರುವಾರ

ವರದಿ ಕೊಟ್ಟೆ. ಫೆಬ್ರುವರಿಯ ಹಾಳೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಪ್ರಶ್ನೆ ತಪ್ಪಿತ್ತು, ಕೇಳಿದವನು ನಾನು ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಕಷ್ಟ ಹೆಚ್ಚಾಗಿಲ್ಲ, ಹೇಳುವ ಧೈರ್ಯ ಹೆಚ್ಚಾಗಿದೆ ಎಂದು ಬರೆದೆ. ಪ್ರಾಚಾರ್ಯರು ಓದಿ, ಇದು ನಿಮ್ಮ ಇಷ್ಟು ವರ್ಷದ ಕೆಲಸದ ಮೇಲೇ ಬರುತ್ತದಲ್ಲ ಎಂದರು. ಬರಲಿ ಅಂದೆ. ಹೊಸ ಕ್ರಮ ಇನ್ನೊಂದು ವರ್ಷ ಇರುತ್ತದೆ.

ವಿದ್ಯಾಳಿಗೆ ಶಹಬ್ಬಾಸ್ ಅಂದೆ. ಮಾರ್ಚ್ ತಿಂಗಳದ್ದು ಬಾಕಿ ಇತ್ತು.

ಮೇ 31, ಶನಿವಾರ

ಕಾಲೇಜಿನಲ್ಲಿ ಬೀಳ್ಕೊಡುಗೆ. ಜೂನ್ ಒಂದರಂದು ಹುಟ್ಟಿದ ನಾವು ಮೂವರು ಒಂದೇ ವೇದಿಕೆಯ ಮೇಲೆ, ಒಂದೇ ಬಗೆಯ ಶಾಲು ಹೊದ್ದು ಕೂತಿದ್ದೆವು. ಪ್ರಬುದ್ಧ ಕೆಳಗಿನಿಂದ ನೋಡಿ ನಗುತ್ತಿದ್ದ. ನನಗೂ ನಗು ಬಂತು. ನಿವೃತ್ತಿಯಾದ ಮೇಲೆ ಆರಾಮ ಅಲ್ರಿ ಸರ್ ಎಂದು ಎಲ್ಲರೂ ಕೈಕುಲುಕಿದರು. ಹೂಂ ಹೂಂ ಅಂದೆ.

ಸಂಜೆ ನಾನು ಫೋನ್ ತೆಗೆಯುವಷ್ಟರಲ್ಲಿ ಅದೇ ರಿಂಗಾಯಿತು. ಶೀಲಾ. ಅವಳಾಗಿ ಮಾಡಿದ್ದು ಸೆಪ್ಟೆಂಬರಿನಿಂದ ಈಚೆಗೆ ಇದೇ ಮೊದಲು.

"ಅಪ್ಪಾ, ಇವತ್ತ ನಿನಗ ಯಾವುದು ಭಾಳ ಕಷ್ಟ ಆತು?"

ಏನಿಲ್ಲವ್ವಾ, ಆರಾಮ ಅದೀನಿ ಅಂದೆ. ಅವಳು ಮಾತಾಡಲಿಲ್ಲ. ಫೋನ್ ಇಟ್ಟಳೇನೋ ಎಂದುಕೊಂಡೆ. ಇಟ್ಟಿರಲಿಲ್ಲ, ಅವಳ ಉಸಿರು ಕೇಳುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ. ಕಾಲೇಜಿನ ಕಪಾಟಿನ ಕೀಲಿ ಕೊಟ್ಟು ಬರುವಾಗ ಹೊರಡಲಾಗದೆ ಬಾಗಿಲಲ್ಲೇ ನಿಂತದ್ದನ್ನು ಅವಳಿಗೆ ಹೇಳತೊಡಗಿದೆ. ಶಿವಬಸವ್ವ ಊಟಕ್ಕೆ ಕರೆಯುತ್ತಿದ್ದಳು.